ಬೆಂಚಿನ ಮೇಲೆ ಕುಳಿತ ಮುದುಕ ಯಾವ ದಾರಿಯಿಂದ ಬಂದ?

2019ರಲ್ಲಿ ತೆರೆಕಂಡ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರದ ಕೊನೆಯಲ್ಲಿ ಕೆರೆಯ ದಡದ ಬೆಂಚಿನ ಮೇಲೆ ಒಬ್ಬ ಮುದುಕ ನಮಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ಸ್ವಲ್ಪ ಹೊತ್ತಿಗೆ ಮುಂಚೆ ಗಟ್ಟಿಮುಟ್ಟಾದ ಸ್ಟೀವ್ ರಾಜರ್ಸ್, ಅಂದರೆ ಕ್ಯಾಪ್ಟನ್ ಅಮೆರಿಕ, ಯಂತ್ರದ ಕಟ್ಟೆಯ ಮೇಲೆ ನಿಂತು ಭೂತಕಾಲಕ್ಕೆ ಹೊರಟಿದ್ದ. ಐದೇ ಸೆಕೆಂಡಿನಲ್ಲಿ ಅದೇ ಕಟ್ಟೆಯ ಮೇಲೆ ಮರಳಿ ಮೂಡಬೇಕಿತ್ತು. ಮೂಡಲಿಲ್ಲ. ಬದಲಿಗೆ ಅನತಿ ದೂರದ ಬೆಂಚಿನ ಮೇಲೆ ಒಂದು ಇಡೀ ಬದುಕನ್ನು ಬದುಕಿ ಮುಗಿಸಿದವನಂತೆ ಕುಳಿತಿದ್ದ.

ಅವನು ಅಲ್ಲಿಗೆ ಬಂದದ್ದು ಹೇಗೆ? ಚಿತ್ರದ ನಿರ್ದೇಶಕರಾದ ರೂಸೋ ಸಹೋದರರು, ಅವನು ಬೇರೊಂದು ಕಾಲರೇಖೆಯಲ್ಲಿ ಬಾಳಿ ಅಲ್ಲಿಂದ ಇಲ್ಲಿಗೆ ಹಾರಿ ಬಂದ ಎಂದರು. ಚಿತ್ರಕಥೆ ಬರೆದ ಮಾರ್ಕಸ್ ಮತ್ತು ಮೆಕ್‌ಫೀಲಿ, ಹಾಗಲ್ಲ, ಇದೇ ಕಾಲರೇಖೆಯಲ್ಲಿ ಎಲೆಮರೆಯ ಕಾಯಿಯಂತೆ ಬಾಳಿದ ಎಂದರು. ಹಡೆದವರಲ್ಲೇ ಒಮ್ಮತವಿಲ್ಲದ ಮೇಲೆ ಅಭಿಮಾನಿಗಳು ಕಚ್ಚಾಡದೆ ಇನ್ನೇನು ಮಾಡಿಯಾರು?

ಕಚ್ಚಾಡಲಿ, ನನ್ನ ತಕರಾರಿಲ್ಲ. ಆದರೆ ಒಂದೊಂದು ದೃಶ್ಯವನ್ನೂ ಭೂತಗನ್ನಡಿ ಹಿಡಿದು ನೋಡುವ ಈ ಜನ ಒಂದು ಹೆಸರನ್ನು ಮಾತ್ರ ಕೇಳಿಸಿಕೊಳ್ಳದವರಂತೆ ದಾಟಿಬಿಡುತ್ತಾರೆ. ಕಾಲಪಯಣ ಏಕೆ ಕಷ್ಟ ಎಂದು ವಿವರಿಸುವಾಗ ಟೋನಿ ಸ್ಟಾರ್ಕ್, ಅಂದರೆ ಐರನ್ ಮ್ಯಾನ್, ಹಾದುಹೋಗುವ ಮಾತಿನಲ್ಲಿ ‘ಡಾಯ್ಚ್’ ಎನ್ನುತ್ತಾನೆ. ಅದರ ಸುತ್ತಲಿನ ಮಾತೆಲ್ಲ ಒಗ್ಗರಣೆ. ಅವನು ಬೆರಳಾಡಿಸುತ್ತ ತಿರುಗಿಸುವ ಮೋಬಿಯಸ್ ಪಟ್ಟಿಯೂ ಒಗ್ಗರಣೆಯೇ. 1858ರಲ್ಲಿ ಮೋಬಿಯಸ್ ಮತ್ತು ಲಿಸ್ಟಿಂಗ್ ಎಂಬ ಇಬ್ಬರು ಜರ್ಮನ್ ಗಣಿತಜ್ಞರು ಬೇರೆಬೇರೆಯಾಗಿ ಗುರುತಿಸಿದ, ಒಂದೇ ಮೈಯುಳ್ಳ ಆ ಪಟ್ಟಿ ಬಹಳ ಸೊಗಸಾದ ವಸ್ತು, ಆದರೆ ಕಾಲಕ್ಕೂ ಅದಕ್ಕೂ ನಂಟಿಲ್ಲ. ಡಾಯ್ಚ್ ಮಾತ್ರ ನಿಜವಾದ ಸರಕು. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಡೇವಿಡ್ ಡಾಯ್ಚ್ 1991ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಎಲ್ಲ ಜಗಳಗಳ ನೆತ್ತಿಯ ಮೇಲೆ ಕುಳಿತಿದೆ.

ಒಂದು ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಭವಿಷ್ಯಕ್ಕೆ ಹೋಗುವುದರಲ್ಲಿ ಯಾವ ವಿರೋಧಾಭಾಸವೂ ಇಲ್ಲ. ಬಾಹ್ಯಾಕಾಶದಲ್ಲಿ ಒಟ್ಟು 803 ದಿನ ಕಳೆದ ರಷ್ಯಾದ ಸೆರ್ಗೆಯ್ ಕ್ರಿಕಲೆವ್, ನೆಲದ ಮೇಲೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ಸೆಕೆಂಡಿನ ಸುಮಾರು ಐವತ್ತನೇ ಒಂದು ಭಾಗದಷ್ಟು ಎಳೆಯರಾಗಿ ಇಳಿದಿದ್ದಾರೆ. ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತವೆ ಎಂದು ಅವನ್ನು ಮೊದಲೇ ತಿದ್ದಿ ಹಾರಿಸುತ್ತಾರೆ. ತಂಟೆಯೆಲ್ಲ ಹಿಂದಕ್ಕೆ ಹೋಗುವುದರಲ್ಲಿ. ತನ್ನ ತಂದೆ ಹುಟ್ಟುವ ಮೊದಲೇ ತಾತನನ್ನು ಕೊಂದರೆ ಕೊಂದವನು ಬಂದದ್ದು ಎಲ್ಲಿಂದ ಎಂಬ ಹಳೆಯ ಸಮಸ್ಯೆ ಎಲ್ಲರಿಗೂ ಗೊತ್ತೇ ಇದೆ.

ಗೊತ್ತಿರುವುದು ಸಮಸ್ಯೆ. ಅದರ ಆಕಾರವನ್ನು ಗಮನಿಸಿದವರು ಕಡಿಮೆ. ಈ ಮೂರು ವಾಕ್ಯಗಳನ್ನು ನೋಡಿ:

ಈ ವಾಕ್ಯದಲ್ಲಿ ಐದು ಪದಗಳು ಇವೆ.

ಈ ವಾಕ್ಯ ಸುಳ್ಳು.

ಈ ವಾಕ್ಯ ನಿಜ.

ಮೊದಲನೆಯದರ ಪದಗಳನ್ನು ಎಣಿಸಿ. ಐದೇ ಇವೆ. ವಾಕ್ಯ ತನ್ನ ಬಗ್ಗೆ ತಾನೇ ಆಡಿದ ಮಾತು ಸುತ್ತಿ ಬಂದು ತನಗೇ ಸರಿಯಾಗಿ ಕೂತಿದೆ. ‘ಐದು’ ಎಂಬಲ್ಲಿ ‘ಏಳು’ ಎಂದು ಬರೆದಿದ್ದರೆ ಕೂರುತ್ತಿರಲಿಲ್ಲ. ಎರಡನೆಯದು ನಿಜವೆಂದರೆ ಸುಳ್ಳಾಗುತ್ತದೆ, ಸುಳ್ಳೆಂದರೆ ನಿಜವಾಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ತಾತನನ್ನು ಕೊಂದ ಮೊಮ್ಮಗನ ಕತೆ ಇದೇ ವಾಕ್ಯಕ್ಕೆ ಬಂದೂಕು ಕೊಟ್ಟಂತೆ. ಮೂರನೆಯದು ಎರಡು ಬಗೆಯಲ್ಲೂ ಕೂರುತ್ತದೆ: ನಿಜವೆಂದರೆ ನಿಜ, ಸುಳ್ಳೆಂದರೆ ಸುಳ್ಳು, ಎರಡಕ್ಕೂ ಅಡ್ಡಿಯಿಲ್ಲ. ಕಾಲಪಯಣದ ಕತೆಗಳೆಲ್ಲ ಈ ಮೂರರಲ್ಲಿ ಒಂದು ಜಾತಿಗೆ ಸೇರುತ್ತವೆ.

ಸುತ್ತಿ ಬಂದು ತನಗೇ ಕೂರುವ ಇಂಥ ಉತ್ತರಕ್ಕೆ ಗಣಿತದಲ್ಲಿ ಸ್ಥಿರಬಿಂದು ಎನ್ನುತ್ತಾರೆ. ಕಣ್ಣಾರೆ ನೋಡಬೇಕೆ? ಮೊಬೈಲಿನ ವೈಜ್ಞಾನಿಕ ಕ್ಯಾಲ್ಕುಲೇಟರನ್ನು ರೇಡಿಯನ್‌ಗೆ ಹೊಂದಿಸಿ, 1 ಒತ್ತಿ, ಬಂದ ಉತ್ತರಕ್ಕೆ ಮತ್ತೆ ಮತ್ತೆ ಕೊಸೈನ್ ತೆಗೆಯುತ್ತ ಹೋಗಿ. 0.54 ಬರುತ್ತದೆ, ಆಮೇಲೆ 0.86, 0.65, 0.79, 0.70, 0.76. ಅತ್ತಿತ್ತ ತೂಗಾಡುತ್ತ ತೂಗಾಟ ಸಣ್ಣದಾಗುತ್ತ, ಕೊನೆಗೆ 0.739085ರ ಬಳಿ ಗೂಟಕ್ಕೆ ಕಟ್ಟಿದ ಹಸುವಿನಂತೆ ನಿಂತುಬಿಡುತ್ತದೆ. ಇನ್ನೆಷ್ಟು ಒತ್ತಿದರೂ ಕದಲುವುದಿಲ್ಲ. ಒಂದು ಊರಿನ ನಕ್ಷೆಯನ್ನು ಅದೇ ಊರಿನೊಳಗೆ ನೆಲದ ಮೇಲೆ ಹಾಸಿ. ನಕ್ಷೆಯ ಮೇಲಿನ ಒಂದು ಚುಕ್ಕೆ, ತಾನು ಸೂಚಿಸುವ ಜಾಗದ ಮೇಲೇ ಕರಾರುವಾಕ್ಕಾಗಿ ಕುಳಿತಿರುತ್ತದೆ. ನಕ್ಷೆಯನ್ನು ಹೇಗೆ ತಿರುಗಿಸಿ ಹಾಸಿದರೂ ಅಂಥ ಒಂದು ಚುಕ್ಕೆ ಇದ್ದೇ ಇರುತ್ತದೆ. ಅದೂ ಸ್ಥಿರಬಿಂದುವೇ.

ಕ್ಯಾಲ್ಕುಲೇಟರಿನ ಹೋಲಿಕೆ ಒಂದು ಕಡೆ ಕೈಕೊಡುತ್ತದೆ, ಅದನ್ನೂ ಹೇಳಬೇಕು. ಅಲ್ಲಿ ನಾವು ಮೊದಲ ಸಲ, ಎರಡನೆಯ ಸಲ ಎಂದು ಒತ್ತುತ್ತ ಹೋದೆವು. ಕಾಲದ ಸುತ್ತಿನಲ್ಲಿ ಮೊದಲ ಸಲ ಎಂಬುದು ಇಲ್ಲ. ‘ಮೊದಲು ಹೀಗಿತ್ತು, ಇವನು ಹೋಗಿ ಬಂದ ಮೇಲೆ ಹಾಗಾಯಿತು’ ಎಂದು ವಾದಿಸುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಒಂದೇ ಕಾಲರೇಖೆ ಎಂದು ಒಪ್ಪಿಕೊಂಡ ಮೇಲೆ 1950 ಬರುವುದು ಒಂದೇ ಒಂದು ಸಲ. ಅದರೊಳಗೆ ಭವಿಷ್ಯದಿಂದ ಬಂದವನು ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಅವನು ‘ಬರುವ ಮೊದಲಿನ 1950’ ಎಂಬುದು ‘ಬೀಜಕ್ಕಿಂತ ಮೊದಲಿನ ಮರ’ ಎಂದಂತೆ.

ಇಲ್ಲಿ ಒಬ್ಬ ಮಹಾನುಭಾವನನ್ನು ನೆನೆಯದೆ ಮುಂದೆ ಹೋಗಲಾರೆ. ‘ಈ ವಾಕ್ಯ ಸುಳ್ಳು’ ಎಂಬ ಹರಟೆಕಟ್ಟೆಯ ಒಗಟನ್ನು ಸ್ವಲ್ಪ ತಿರುಚಿ, ‘ಈ ವಾಕ್ಯವನ್ನು ಸಾಧಿಸಲಾಗದು’ ಎಂಬಂಥದೊಂದನ್ನು ಅಂಕಗಣಿತದೊಳಗೇ ಕಟ್ಟಿ, ಗಣಿತದ ಬುನಾದಿಯನ್ನೇ 1931ರಲ್ಲಿ ಅಲುಗಿಸಿದವನು ಕುರ್ಟ್ ಗೋಡೆಲ್. ಅದೇ ಗೋಡೆಲ್ ಮುಂದೆ ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನ್ ಜೊತೆ ದಿನವೂ ನಡೆದಾಡುವ ಗೆಳೆಯನಾದ. 1949ರಲ್ಲಿ, ಐನ್‌ಸ್ಟೈನ್ ಎಪ್ಪತ್ತು ತುಂಬಿದ ವರ್ಷ, ಗೆಳೆಯನ ಸಮೀಕರಣಗಳಿಂದಲೇ ಒಂದು ವಿಚಿತ್ರ ವಿಶ್ವವನ್ನು ಹೊರತೆಗೆದು ತೋರಿಸಿದ. ಇಡೀ ವಿಶ್ವವೇ ಸುತ್ತುತ್ತಿದೆ, ಮತ್ತು ಅದರೊಳಗೆ ಸಾಕಷ್ಟು ದೊಡ್ಡ ಸುತ್ತು ಹಾಕಿ ಬಂದವನು ತನ್ನದೇ ನಿನ್ನೆಗೆ ಬಂದು ತಲುಪಬಹುದು! ನಮ್ಮ ವಿಶ್ವ ಹಾಗೆ ಸುತ್ತುತ್ತಿರುವ ಕುರುಹು ಸಿಕ್ಕಿಲ್ಲ. ಆದರೆ ತನ್ನನ್ನೇ ಕುರಿತು ಮಾತಾಡುವ ವಾಕ್ಯವನ್ನು ಪಳಗಿಸಿದವನ ಕೈಗೇ ತನ್ನನ್ನೇ ಸಂಧಿಸುವ ಕಾಲವೂ ಸಿಕ್ಕಿತಲ್ಲ, ಅದು ನನಗೆ ಇಂದಿಗೂ ರೋಮಾಂಚನ.

ಆಮೇಲೆ ಕಾರ್ಲ್ ಸೇಗನ್ ತಮ್ಮ ಕಾದಂಬರಿಯ ನಾಯಕಿಯನ್ನು ದೂರದ ನಕ್ಷತ್ರಕ್ಕೆ ಕಳಿಸಲು ದಾರಿ ಹೇಳಿ ಎಂದು ಭೌತವಿಜ್ಞಾನಿ ಕಿಪ್ ಥಾರ್ನ್ ಅವರನ್ನು ಕೇಳಿದರು. ಥಾರ್ನ್ ವರ್ಮ್‌ಹೋಲ್, ಅಂದರೆ ದೂರದ ಎರಡು ಜಾಗಗಳನ್ನು ಜೋಡಿಸುವ ಎರಡು ಬಾಯಿಯ ಸುರಂಗ, ಸೂಚಿಸಿದರು. ಅದನ್ನೇ ಕಾಲಯಂತ್ರವಾಗಿಸಬಹುದು ಎಂದು 1988ರಲ್ಲಿ ಸಹೋದ್ಯೋಗಿಗಳೊಂದಿಗೆ ಬರೆದರು. ಕೂಡಲೇ ಜೋಸೆಫ್ ಪೊಲ್ಚಿನ್ಸ್‌ಕಿ ಎಂಬ ಭೌತವಿಜ್ಞಾನಿ ಕೊಕ್ಕೆ ಹಾಕಿದರು. ಬಿಲಿಯರ್ಡ್ಸ್ ಚೆಂಡೊಂದು ಒಂದು ಬಾಯಿಯಿಂದ ಒಳಹೊಕ್ಕು, ಇನ್ನೊಂದು ಬಾಯಿಯಿಂದ ತುಸು ಮೊದಲಿನ ಕಾಲಕ್ಕೆ ಹೊರಬಿದ್ದು, ಒಳಗೆ ಹೋಗಲಿರುವ ತನ್ನನ್ನೇ ಹೊಡೆದು ದಾರಿ ತಪ್ಪಿಸಿದರೆ? ತಾತನೂ ಇಲ್ಲ, ಕೊಲೆಯೂ ಇಲ್ಲ, ‘ಮನಸ್ಸು ಬದಲಾಯಿತು’ ಎಂಬ ನೆಪವೂ ಇಲ್ಲ. ಥಾರ್ನ್ ತಂಡ ಲೆಕ್ಕ ಹಾಕಿದಾಗ ಹೊರಬಿದ್ದದ್ದು ಕೊಸೈನ್ ಗುಂಡಿಯ ಕತೆಯೇ. ಹೊರಬಂದ ಚೆಂಡು ನೇರವಾಗಿ ಗುದ್ದದೆ ಹಳೆಯ ಚೆಂಡನ್ನು ಓರೆಯಾಗಿ ಸವರುತ್ತದೆ. ಸವರಿಸಿಕೊಂಡ ಚೆಂಡು ತುಸು ವಾರೆಯಾಗಿ ಒಳಹೊಗುತ್ತದೆ. ವಾರೆಯಾಗಿ ಹೊಕ್ಕಿದ್ದರಿಂದಲೇ ಹೊರಬರುವಾಗ ಗುದ್ದದೆ ಸವರುತ್ತದೆ. ಸುತ್ತು ಕೂತಿತು! ಅಷ್ಟೇ ಅಲ್ಲ, ಹೀಗೆ ಕೂರುವ ಹಾದಿಗಳು ಒಂದೆರಡಲ್ಲ, ಲೆಕ್ಕವಿಲ್ಲದಷ್ಟು ಎಂದೂ ಗೊತ್ತಾಯಿತು. ಮೂರನೆಯ ವಾಕ್ಯ ನೆನಪಿದೆಯಲ್ಲ?

ಹಾಗಾದರೆ ಎರಡನೆಯ ವಾಕ್ಯದ ಗತಿಯೇನು? ಎಷ್ಟು ವಾರೆ ಮಾಡಿದರೂ ಕೂರದ ಸುತ್ತುಗಳನ್ನು ಏನು ಮಾಡುವುದು? ಡಾಯ್ಚ್ ಬರುವುದು ಇಲ್ಲಿ. ಮೊಮ್ಮಗ ಇದ್ದಾನೆ ಎಂಬುದಕ್ಕೆ 1, ಇಲ್ಲ ಎಂಬುದಕ್ಕೆ 0 ಎನ್ನೋಣ. ಸುತ್ತು ಒಂದನ್ನು ಸೊನ್ನೆ ಮಾಡುತ್ತದೆ, ಸೊನ್ನೆಯನ್ನು ಒಂದು ಮಾಡುತ್ತದೆ. ಸೊನ್ನೆ ಮತ್ತು ಒಂದು ಮಾತ್ರ ಇರುವ ಲೋಕದಲ್ಲಿ ಇದಕ್ಕೆ ಸ್ಥಿರಬಿಂದು ಇಲ್ಲ. ಆದರೆ ಕ್ವಾಂಟಮ್ ಲೋಕದಲ್ಲಿ ಸ್ಥಿತಿ ಎಂದರೆ ಸಂಭವನೀಯತೆಗಳ ಮಿಶ್ರಣವೂ ಆಗಬಹುದು. ಮೊಮ್ಮಗ ಇರುವ ಸಂಭವನೀಯತೆ ಅರ್ಧ, ಇಲ್ಲದಿರುವುದೂ ಅರ್ಧ ಎಂದುಕೊಂಡು ತಲೆಕೆಳಗು ಮಾಡಿ ನೋಡಿ. ಅರ್ಧ ಅರ್ಧವಾಗಿಯೇ ಉಳಿಯಿತು! ಎಷ್ಟೇ ಹಟಮಾರಿ ಸುತ್ತಾದರೂ ಕ್ವಾಂಟಮ್ ಲೆಕ್ಕದಲ್ಲಿ ಅದಕ್ಕೊಂದು ಸ್ಥಿರಬಿಂದು ಸಿಕ್ಕೇ ಸಿಗುತ್ತದೆ ಎಂದು ಡಾಯ್ಚ್ ಸಾಧಿಸಿದರು. ಆ ಎರಡು ಅರ್ಧಗಳೆಂದರೆ ಏನು ಎಂದು ಕೇಳಿದರೆ, ಹ್ಯೂ ಎವರೆಟ್ 1957ರಲ್ಲೇ ಮುಂದಿಟ್ಟ ಬಹುಲೋಕಗಳ ಕಡೆ ಅವರು ಕೈತೋರಿಸುತ್ತಾರೆ. ಒಂದು ಕವಲಿನಲ್ಲಿ ಹುಟ್ಟಿದ ಮೊಮ್ಮಗ ಇನ್ನೊಂದು ಕವಲಿನ ತಾತನನ್ನು ಕೊಲ್ಲುತ್ತಾನೆ. ಅಲ್ಲಿ ಅವನು ಹುಟ್ಟುವುದಿಲ್ಲ. ಇಲ್ಲಿಂದ ಅವನು ಕಾಣೆಯಾಗಿರುತ್ತಾನೆ. ಎರಡೂ ಕಡೆ ಲೆಕ್ಕ ಚುಕ್ತಾ.

2014ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು ಫೋಟಾನುಗಳನ್ನು ಬಳಸಿ ಈ ಲೆಕ್ಕದ ಅಣಕು ಪ್ರಯೋಗ ಮಾಡಿದರು. ಯಾವ ಫೋಟಾನೂ ನಿನ್ನೆಗೆ ಹೋಗಲಿಲ್ಲ. ಹೋಯಿತು ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಬೆಂಚಿಗೆ ಮರಳೋಣ. ಭೂತಕಾಲವನ್ನು ಬದಲಿಸಿದರೆ ನಿಮ್ಮ ವರ್ತಮಾನ ಬದಲಾಗುವುದಿಲ್ಲ ಎಂದು ಅದೇ ಚಿತ್ರದಲ್ಲಿ ಹಲ್ಕ್ ಖಂಡತುಂಡವಾಗಿ ಹೇಳುತ್ತಾನೆ. ಅದು ಡಾಯ್ಚ್ ಪಂಥ. ಚಿತ್ರದ ನೆಬ್ಯುಲಾ ಎಂಬ ಪಾತ್ರವನ್ನೇ ನೋಡಿ: 2023ರ ನೆಬ್ಯುಲಾ 2014ರ ನೆಬ್ಯುಲಾಳನ್ನು ಗುಂಡಿಟ್ಟು ಕೊಂದರೂ ತಾನು ಮಾಯವಾಗುವುದಿಲ್ಲ. ಸತ್ತವಳು ಬೇರೆ ಕವಲಿನವಳು. ಈ ದೃಶ್ಯವನ್ನು ತಪ್ಪು ಎನ್ನುವವರ ವಾದಕ್ಕೆ ಬೆಲೆಯಿಲ್ಲ, ಇಡೀ ಚಿತ್ರದಲ್ಲಿ ಲೆಕ್ಕ ಅತ್ಯಂತ ಚೊಕ್ಕವಾಗಿರುವುದೇ ಅಲ್ಲಿ. ಆದರೆ ಚಿತ್ರಕಥೆಗಾರರ ಸ್ಟೀವ್, ಇದೇ ಕಾಲರೇಖೆಯಲ್ಲಿ ಯಾರಿಗೂ ತಿಳಿಯದಂತೆ ಮೊದಲಿನಿಂದಲೂ ಇದ್ದವನು, ಪದಗಳನ್ನು ಎಣಿಸಿಕೊಂಡು ಕೂತ ಮೊದಲನೆಯ ವಾಕ್ಯದ ಪಂಥದವನು. ಎರಡೂ ಪಂಥಗಳು ಒಳಗೊಳಗೆ ಸುಸಂಗತ. ಒಂದೇ ಚಿತ್ರದಲ್ಲಿ ಎರಡನ್ನೂ ನಡೆಸುತ್ತೇನೆಂದರೆ ಚದುರಂಗ ಆಡುತ್ತ ಆಡುತ್ತ ನಡುವೆ ಪಗಡೆ ಉರುಳಿಸಿದಂತೆ. ನನ್ನ ಮತ ನಿರ್ದೇಶಕರಿಗೆ. ಕಟ್ಟೆಯ ಮೇಲೆ ಮೂಡದೆ ಬೆಂಚಿಗೆ ಬಂದದ್ದೇಕೆ ಎಂಬ ಕೊಸರೊಂದು ಉಳಿಯುತ್ತದೆ, ನಿಜ. ಆದರೆ ಅದು ಯಂತ್ರದ ಗುರಿ ತಪ್ಪಿದ ಮಾತು, ತರ್ಕ ತಪ್ಪಿದ ಮಾತಲ್ಲ.

1978ರ ಸೂಪರ್‌ಮ್ಯಾನ್ ಭೂಮಿಯನ್ನೇ ಹಿಂದಕ್ಕೆ ತಿರುಗಿಸಿ ಕಾಲವನ್ನು ಹಿಂದೆ ಸರಿಸಿದ್ದಕ್ಕೆ ನಗುವವರಿದ್ದಾರೆ. ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ನಿನ್ನೆ ಬರುವುದಿಲ್ಲ, ಸರಿಯೇ. ಅವನು ಬೆಳಕನ್ನು ಮೀರಿಸಿ ಹಾರಿದ, ಭೂಮಿ ಹಿಂದಕ್ಕೆ ತಿರುಗಿದ್ದು ಅವನ ಕಣ್ಣಿಗೆ ಕಂಡ ನೋಟ ಮಾತ್ರ ಎಂದು ಅವನ ಪರ ವಕಾಲತ್ತು ವಹಿಸುವ ಅಭಿಮಾನಿಗಳದ್ದು ಬರೀ ಜಾಣತನವಲ್ಲ. ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಬಹುದಾದರೆ ಅದನ್ನು ಭೂತಕಾಲಕ್ಕೂ ಕಳಿಸಬಹುದು ಎಂಬುದು ಸಾಪೇಕ್ಷತಾ ಸಿದ್ಧಾಂತದ ನೇರ ಫಲ.

ಪಾತ್ರ ಯಾರು ಮಾಡಬೇಕು ಎಂಬ ಜಗಳಕ್ಕೂ ಈಗ ಬಹುವಿಶ್ವವೇ ಆಸರೆ. ಒಂದು ಕಾಲದಲ್ಲಿ ಇಷ್ಟೆಲ್ಲ ಸರ್ಕಸ್ ಇರಲಿಲ್ಲ. ‘ಐರನ್ ಮ್ಯಾನ್’ ಸರಣಿಯಲ್ಲಿ ಟೋನಿಯ ಗೆಳೆಯ ರೋಡಿಯ ಪಾತ್ರ 2010ರಲ್ಲಿ ಟೆರೆನ್ಸ್ ಹೊವಾರ್ಡ್ ಅವರಿಂದ ಡಾನ್ ಚೀಡಲ್‌ಗೆ ಹೋದಾಗ, ಹೊಸಬರು ಬಾಗಿಲಲ್ಲಿ ಕಾಣಿಸಿಕೊಂಡು, ಬಂದಿರುವುದು ನಾನೇ, ಒಪ್ಪಿಕೊಂಡು ಮುಂದೆ ನಡೆಯಿರಿ ಎಂಬರ್ಥದ ಒಂದು ಮಾತಾಡಿ ಕೆಲಸ ಮುಗಿಸಿದರು. ಈಗ ಹಾಗಲ್ಲ. 2024ರ ಜುಲೈನಲ್ಲಿ, ಟೋನಿಯ ಪಾತ್ರ ಮಾಡಿದ್ದ ರಾಬರ್ಟ್ ಡೌನಿ ಜೂನಿಯರ್ ಇನ್ನು ಡಾಕ್ಟರ್ ಡೂಮ್ ಎಂಬ ಖಳನಾಗುತ್ತಾರೆಂಬ ಘೋಷಣೆ ಬಿದ್ದದ್ದೇ ತಡ, ‘ಇವನು ಬೇರೆ ವಿಶ್ವದ ಟೋನಿ’ ಎಂಬ ವಾದ ಹುಟ್ಟಿಕೊಂಡಿತು. ಅನಂತ ವಿಶ್ವಗಳಿದ್ದರೆ ಏನು ಬೇಕಾದರೂ ಎಲ್ಲೋ ಇರಲೇಬೇಕಂತೆ. ಸಮಸಂಖ್ಯೆಗಳೂ ಅನಂತವಾಗಿವೆ. ಅವುಗಳಲ್ಲಿ 3 ಎಲ್ಲಿದೆ, ಹುಡುಕಿ ಕೊಡಿ.

ಮುಖದ ಲೆಕ್ಕ ಹಾಕೋಣ. ಮನುಷ್ಯನಲ್ಲಿ 23 ಜೊತೆ ವರ್ಣತಂತುಗಳು. ಪ್ರತಿ ಜೊತೆಯಿಂದ ಒಂದೊಂದು ಆಯ್ದು ವೀರ್ಯಾಣು ಅಥವಾ ಅಂಡ ತಯಾರಾಗುತ್ತದೆ. ಅಂದರೆ 2ನ್ನು 23 ಸಲ ಗುಣಿಸಿದಷ್ಟು, 83,88,608 ಬಗೆ. (ಹತ್ತಿರಹತ್ತಿರ 84 ಲಕ್ಷ! ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತು ಎಂದು ದಯವಿಟ್ಟು ಯಾರಿಗೂ ಕಳಿಸಬೇಡಿ. ಅವರು ಎಣಿಸಿದ್ದು ಜೀವಯೋನಿಗಳನ್ನು. ಈ ಎರಡು ಸಂಖ್ಯೆಗಳು ಹತ್ತಿರ ಬಂದದ್ದು ಕಾಕತಾಳೀಯ.) ತಂದೆ ತಾಯಿ ಇಬ್ಬರನ್ನೂ ಸೇರಿಸಿದರೆ ಸುಮಾರು 70 ಲಕ್ಷ ಕೋಟಿ. ತಂತುಗಳು ಪರಸ್ಪರ ತುಂಡು ಬದಲಿಸಿಕೊಳ್ಳುವುದನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಗೆಲ್ಲುವುದು ಒಂದು. ಆ ಗಳಿಗೆಗೆ ಮೊದಲು ಕಾಲರೇಖೆ ಕವಲೊಡೆದಿದ್ದರೆ, ವ್ಯತ್ಯಾಸ ಒಂದು ಸೀನಿನಷ್ಟೇ ಇದ್ದರೂ, ಹುಟ್ಟುವುದು ಬೇರೆ ಮಗು. ಟೋನಿಯ ಮುಖವೇ ಬೇಕೆಂದರೆ ಅವನು ತಾಯಿಯ ಗರ್ಭದಲ್ಲಿ ಮೂಡಿದ ಮೇಲೆಯೇ ಕವಲೊಡೆಯಬೇಕು. ಕಾಮಿಕ್ಸಿನ ಡೂಮ್ ಲಾಟ್ವೇರಿಯ ಎಂಬ ಕಲ್ಪಿತ ದೇಶದಲ್ಲಿ ಬೇರೆಯೇ ತಂದೆತಾಯಿಗೆ ಹುಟ್ಟಿದವನು. ಆ ಹೆತ್ತವರಿಗೆ ಟೋನಿಯ ಮುಖ ಹುಟ್ಟುವ ಸಾಧ್ಯತೆಯನ್ನು ಬರೆಯಲು ಈ ಪುಟ ಸಾಲದು.

ಹೀಗಾಗಿ, ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ ಬಂದಾಗ, ಮೂರು ಬೇರೆ ಮುಖಗಳು ಒಬ್ಬನೇ ಪೀಟರ್ ಪಾರ್ಕರ್ ಆಗುವುದು ಹೇಗೆ ಎಂದು ಮೂಗು ಮುರಿದವರ ವಾದ ಪೂರಾ ತಲೆಕೆಳಗು. ಒಂದೇ ಮುಖದ ಪ್ರತಿರೂಪಗಳಿಂದ ತುಂಬಿದ ಬಹುವಿಶ್ವಗಳ ನಡುವೆ ಜೀವಶಾಸ್ತ್ರಕ್ಕೆ ನಿಷ್ಠವಾಗಿದ್ದದ್ದು 2021ರ ಆ ಚಿತ್ರವೊಂದೇ ಇರಬೇಕು. ಗಂಡು ಮಗು ಹುಟ್ಟಿದರೆ ಪೀಟರ್ ಎಂದು ಹೆಸರಿಡೋಣ ಎಂದು ಮೂರು ಕವಲುಗಳ ಪಾರ್ಕರ್ ದಂಪತಿ ಮೊದಲೇ ನಿಶ್ಚಯಿಸಿದ್ದರೆ ಸಾಕು. ಸ್ವಾತಂತ್ರ್ಯ ಪ್ರತಿಮೆಗೆ ಕಟ್ಟಿದ ಅಟ್ಟಣಿಗೆಯ ಮೇಲೆ ಮುಖವಾಡ ತೆಗೆದು ನಿಂತ ಮ್ಯಾಗ್ವಾಯರ್, ಗಾರ್ಫೀಲ್ಡ್, ಹಾಲೆಂಡ್ ಮೂವರೂ ವಂಶವಾಹಿಗಳ ಲೆಕ್ಕದಲ್ಲಿ ಒಡಹುಟ್ಟಿದ ಅಣ್ಣತಮ್ಮಂದಿರು. ಮೂವರಿಗೂ ಅದೇ ಜೇಡ ಕಚ್ಚಿದ್ದು ಹೇಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ.