ಬೇಸ್ ಗಿಟಾರ್: ತಂತಿಯ ವಯಸ್ಸು, ಬೆರಳಿನ ಜಾಗ

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ, ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಯ ಸ್ಟುಡಿಯೋದಲ್ಲಿ 1960ರ ದಶಕದುದ್ದಕ್ಕೂ ಬೇಸ್ ಗಿಟಾರ್ ನುಡಿಸಿದ ಜೇಮ್ಸ್ ಜೇಮರ್‌ಸನ್, ತಂತಿ ಹರಿದರೆ ಮಾತ್ರ ಬದಲಿಸುತ್ತಿದ್ದರೆಂಬುದು ಬೇಸ್ ವಾದಕರೆಲ್ಲರಿಗೂ ಗೊತ್ತಿರುವ ಸಂಗತಿ. ಅವರದು 1962ರ ಫೆಂಡರ್ ಪ್ರಿಸಿಷನ್ ಬೇಸ್. ಅದಕ್ಕೆ ಲಾ ಬೆಲ್ಲಾ ಕಂಪನಿಯ, ಚಪ್ಪಟೆ ಪಟ್ಟಿ ಸುತ್ತಿದ ದಪ್ಪನೆಯ ಫ್ಲಾಟ್‌ವೌಂಡ್ ತಂತಿಗಳು, ತಂತಿಗಳನ್ನು ಹೊರುವ ಕುದುರೆಯ (ಬ್ರಿಜ್) ಮೇಲಿನ ಲೋಹದ ಮುಚ್ಚಳದೊಳಗೆ ತುರುಕಿದ ಸ್ಪಂಜಿನ ತುಂಡು, ಮೀಟಲು ಬಲಗೈಯ ತೋರುಬೆರಳೊಂದೇ. ಅತ್ತ ಇಂಗ್ಲೆಂಡಿನಲ್ಲಿ, ‘ದ ಹೂ’ ಎಂಬ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ 1966ರಲ್ಲಿ ರೋಟೋಸೌಂಡ್ ಎಂಬ ತಂತಿ ತಯಾರಕರ ಜೊತೆ ಕೂತು, ಪಿಯಾನೋದ ಕೆಳಗಿನ ತಂತಿಗಳಂತೆ ಖಣಖಣಿಸುವ, ದುಂಡನೆಯ ತಂತಿ ಸುತ್ತಿದ ರೌಂಡ್‌ವೌಂಡ್ ತಂತಿಗಳನ್ನು ಹದಗೊಳಿಸಿಕೊಂಡರು. ಒಬ್ಬರಿಗೆ ತಂತಿ ಸತ್ತಷ್ಟೂ ರುಚಿ, ಇನ್ನೊಬ್ಬರಿಗೆ ಜೀವಂತವಾಗಿದ್ದಷ್ಟೂ ರುಚಿ. ಇಬ್ಬರೂ ನುಡಿಸುತ್ತಿದ್ದ ಸ್ವರಗಳು ಮಾತ್ರ ಅವೇ.

ಬೇಸ್ ವಾದಕರ ಅಭಿರುಚಿಯ ಜಗಳಗಳು ಬಹುಪಾಲು ನಡೆಯುವುದು ನಾದದ ಆಳದ ಭಾಗದಲ್ಲಲ್ಲ, ಅದರ ಮೇಲಿನ ಭಾಗದಲ್ಲಿ ಎಂದರೆ ವಿಚಿತ್ರವೆನಿಸಬಹುದು. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ತಂತಿಯಾದ ಇ, ಸೆಕೆಂಡಿಗೆ 41.2 ಸಲ, ಅಂದರೆ 41.2 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಗಾಳಿಯಲ್ಲಿ ಆ ಸ್ವರದ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಮಿಕ್ಕಿದ್ದು, ಸಾಮಾನ್ಯ ಮನೆಯ ಕೋಣೆಯೊಳಗೆ ಹಿಡಿಸುವಂಥದ್ದಲ್ಲ. ನಮ್ಮ ಕಿವಿಯಾದರೂ ಈ ಆಳದಲ್ಲಿ ಬಹಳ ಮಂದ. 1,000 ಹರ್ಟ್ಸ್‌ನ ಮೆಲುದನಿಯೊಂದಕ್ಕೆ ಸಮನಾಗಿ 40 ಹರ್ಟ್ಸ್‌ನ ದನಿ ಕೇಳಬೇಕಾದರೆ ಅದನ್ನು 40 ಡೆಸಿಬೆಲ್‌ನಷ್ಟು ಹೆಚ್ಚು ಜೋರಾಗಿ ನುಡಿಸಬೇಕಾಗುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಂತೂ ಕೆಲವು ನೂರು ಹರ್ಟ್ಸ್‌ಗಿಂತ ಕೆಳಗೆ ಹೆಚ್ಚುಕಡಿಮೆ ಮೂಕ. ಆದರೂ ಬಸ್ಸಿನಲ್ಲಿ ಪಕ್ಕದವರ ಮೊಬೈಲಿನಿಂದ ಬರುವ ಹಾಡಿನ ಬೇಸ್ ಸಾಲನ್ನು ನಾವು ತಪ್ಪದೆ ಗುನುಗಬಲ್ಲೆವು.

ಇದು ಸಾಧ್ಯವಾಗುವುದು ಮೇಲ್ಸ್ವರಗಳಿಂದ. ಮೀಟಿದ ತಂತಿ ಇಡಿಯಾಗಿ ಕಂಪಿಸುವಾಗಲೇ ಅರ್ಧರ್ಧವಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿಯೂ ಕಂಪಿಸುತ್ತಿರುತ್ತದೆ. ಹಾಗಾಗಿ 41ರ ಜೊತೆಗೆ 82, 124, 165 ಹೀಗೆ ಏರುವ ಸರಣಿಯೊಂದು ಹೊರಡುತ್ತದೆ. ಮೂಲಸ್ವರ ಕಿವಿಗೆ ತಲುಪದಿದ್ದರೂ, ಬಂದ ಮೇಲ್ಸ್ವರಗಳ ನಡುವೆ 41ರ ಸಮಾನ ಅಂತರವಿರುವುದನ್ನು ಗುರುತಿಸಿ ಮಿದುಳು ಕಾಣೆಯಾದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಜರ್ಮನಿಯ ಭೌತವಿಜ್ಞಾನಿ ಆಗಸ್ಟ್ ಸೀಬೆಕ್ 1840ರ ದಶಕದಲ್ಲೇ ಸೈರನ್‌ಗಳ ಪ್ರಯೋಗದಲ್ಲಿ ಇದರ ಸುಳಿವು ಹಿಡಿದಿದ್ದರು. ಇನ್ನು ವಾದಕರು ‘ಥಂಪ್’, ‘ಗ್ರೋಲ್’ ಎಂದೆಲ್ಲ ಕರೆಯುವ ಗುದ್ದು, ಗುರುಗುಟ್ಟುವಿಕೆಯಂಥ ಗುಣಗಳು ಈ ಮೇಲ್ಸ್ವರಗಳಲ್ಲಿ ಯಾವುದು ಎಷ್ಟಿದೆ, ಯಾವುದು ಎಷ್ಟು ಬೇಗ ಅಡಗುತ್ತದೆ ಎಂಬುದರ ಲೆಕ್ಕವೇ ಹೊರತು ಬೇರೇನಲ್ಲ.

ಈ ಲೆಕ್ಕವನ್ನು ಎಲ್ಲಕ್ಕಿಂತ ಸುಲಭವಾಗಿ ಬದಲಿಸುವುದು ಬಲಗೈ ಬೆರಳು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಮೇಲ್ಸ್ವರ ಹುಟ್ಟುವುದೇ ಇಲ್ಲ. ಫೆಂಡರ್ ಬೇಸ್‌ನ ತಂತಿಯ ಕಂಪಿಸುವ ಉದ್ದ 34 ಇಂಚು, ಅಂದರೆ 864 ಮಿಲಿಮೀಟರ್. ಕುದುರೆಯಿಂದ 173 ಮಿಲಿಮೀಟರ್ ದೂರದಲ್ಲಿ, ಎಂದರೆ ಉದ್ದದ ಐದನೆಯ ಒಂದು ಪಾಲಿನಲ್ಲಿ ಖಾಲಿ ತಂತಿಯನ್ನು ಮೀಟಿದರೆ ಐದುಪಟ್ಟಿನ ಮೇಲ್ಸ್ವರ ಮಾಯ. ಬೆರಳನ್ನು ಕುದುರೆಯ ಹತ್ತಿರಕ್ಕೆ ಸರಿಸಿದರೆ ಮೂಲಸ್ವರದ ಪಾಲು ತಗ್ಗಿ ಎತ್ತರದ ಮೇಲ್ಸ್ವರಗಳು ಮುಂದೆ ಬರುತ್ತವೆ, ನಾದ ಬಿಗಿಯಾಗುತ್ತದೆ. ಕತ್ತಿನ ಕಡೆಗೆ ಸರಿಸಿದರೆ ದುಂಡಗಾಗುತ್ತದೆ. ಮೀಟಲು ಬಳಸುವ ಪ್ಲೆಕ್ಟ್ರಮ್ ಎಂಬ ಬಿಲ್ಲೆಯ ಚೂಪು ಅಂಚು ತಂತಿಗೆ ಮೊನಚಾದ ಮೂಲೆಯನ್ನು ಕೊಟ್ಟು ಬಿಡುವುದರಿಂದ ಎತ್ತರದ ಮೇಲ್ಸ್ವರಗಳು ಸಮೃದ್ಧವಾಗುತ್ತವೆ; ಬೆರಳ ತುದಿಯ ಮಾಂಸ ಆ ಮೂಲೆಯನ್ನು ಉರುಟಾಗಿಸಿ ಅವನ್ನು ಹುಟ್ಟುವಾಗಲೇ ಅಳಿಸುತ್ತದೆ.

ಇದರಿಂದಲೇ ಇನ್ನೊಂದು ಹಳೆಯ ಅನುಭವಕ್ಕೂ ಕಾರಣ ಸಿಗುತ್ತದೆ. 55 ಹರ್ಟ್ಸ್‌ನ ಎ ಸ್ವರವನ್ನು ಖಾಲಿ ಎ ತಂತಿಯಲ್ಲೂ ನುಡಿಸಬಹುದು, ಇ ತಂತಿಯನ್ನು ಕತ್ತಿನ ಮೇಲಿನ ಐದನೆಯ ಮೆಟ್ಟಿಲಿಗೆ (ಫ್ರೆಟ್) ಒತ್ತಿಯೂ ನುಡಿಸಬಹುದು. ಶ್ರುತಿ ಒಂದೇ, ನಾದ ಬೇರೆ. ಎರಡನೆಯ ಸಲ ತಂತಿ ಹೆಚ್ಚು ದಪ್ಪ ಎಂಬುದೊಂದೇ ಕಾರಣವಲ್ಲ. ಮೆಟ್ಟಿಲು ಒತ್ತಿದಾಗ ಕಂಪಿಸುವ ಉದ್ದ 647 ಮಿಲಿಮೀಟರಿಗೆ ಇಳಿಯುತ್ತದೆ. ಬಲಗೈ ಬೆರಳು ಅದೇ 173 ಮಿಲಿಮೀಟರಿನಲ್ಲಿ ಉಳಿದರೂ ಅದೀಗ ತಂತಿಯ ಐದನೆಯ ಪಾಲಲ್ಲ, ನಾಲ್ಕನೆಯ ಪಾಲಿಗೆ ಸಮೀಪ. ಅಡಗುವ ಮೇಲ್ಸ್ವರವೇ ಬದಲಾಯಿತು. ಅನುಭವಿಗಳು ಒಂದು ಸ್ವರಕ್ಕೆ ಇಂಥದೇ ತಂತಿ ಬೇಕೆಂದು ಹಟ ಹಿಡಿಯುವುದು ಬರಿಯ ಅಭ್ಯಾಸಬಲವೆಂದು ತಳ್ಳಿಹಾಕುವಂತಿಲ್ಲ.

ತಂತಿಯ ಅಡಿಯಲ್ಲಿರುವ ಪಿಕಪ್‌ಗೂ ಇದೇ ನಿಯಮ ಅನ್ವಯಿಸುತ್ತದೆ. ಅದು ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿಯಷ್ಟೇ. ಉಕ್ಕಿನ ತಂತಿ ಅದರ ಮುಂದೆ ಅಲುಗಾಡಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪಿಕಪ್ ಕೂತ ಬಿಂದುವಿನಲ್ಲಿ ಯಾವ ಮೇಲ್ಸ್ವರ ನಿಶ್ಚಲವೋ ಅದಕ್ಕೆ ಪಿಕಪ್ ಕಿವುಡು. 1951ರಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್‌ನಲ್ಲಿ ಒಂದೇ ಪಿಕಪ್ ಇತ್ತು. 1957ರಲ್ಲಿ ಅದನ್ನು ಎರಡು ಹೋಳಾಗಿ ಮಾಡಿ, ಹೋಳುಗಳನ್ನು ವಿರುದ್ಧವಾಗಿ ಜೋಡಿಸಿ, ವಿದ್ಯುತ್ ಮಾರ್ಗಗಳಿಂದ ಬರುವ ಗುಂಯ್‌ಗುಡುವಿಕೆಯನ್ನು ಅಳಿಸಿದರು. 1960ರ ಜಾಝ್ ಬೇಸ್‌ನಲ್ಲಿ ಎರಡು ಕಡೆ ಪಿಕಪ್‌ಗಳಿವೆ. ಎರಡನ್ನೂ ಪೂರ್ತಿ ತೆರೆದರೆ ಕೆಲವು ಮೇಲ್ಸ್ವರಗಳು ಎರಡು ಕಡೆಯಿಂದ ಎದುರುಬದುರು ಬಂದು ಪರಸ್ಪರ ಕೊಂದುಕೊಳ್ಳುವುದರಿಂದ, ನಾದದ ನಡುಭಾಗ ತುಸು ಟೊಳ್ಳಾಗುತ್ತದೆ. ಕೆಲವರು ಆ ಟೊಳ್ಳಿಗಾಗಿಯೇ ಅದನ್ನು ಕೊಳ್ಳುತ್ತಾರೆ.

ಈಗ ಜೇಮರ್‌ಸನ್ನರ ತಂತಿಗಳಿಗೆ ಮರಳಬಹುದು. ಬೇಸ್‌ನ ತಂತಿ ಎಂದರೆ ಉಕ್ಕಿನ ತೆಳುವಾದ ಒಳತಂತಿಯ ಮೇಲೆ ಬೇರೆ ಲೋಹದ ಸುತ್ತು. ಇಷ್ಟು ಕೆಳಗಿನ ಸ್ವರಕ್ಕೆ ತೂಕ ಬೇಕು, ಆದರೆ ಒಂದೇ ದಪ್ಪ ಸರಳನ್ನು ಹಾಕಿದರೆ ಅದು ಬಗ್ಗದೆ ಮೇಲ್ಸ್ವರಗಳೆಲ್ಲ ಶ್ರುತಿ ತಪ್ಪಿ ಗಂಟೆಯಂತೆ ಕೇಳುತ್ತವೆ. ಸುತ್ತು ಹಾಕಿದರೆ ಬಿಗುಪು ಹೆಚ್ಚದೆ ತೂಕ ಮಾತ್ರ ಹೆಚ್ಚುತ್ತದೆ. ಸುತ್ತುವ ತಂತಿ ದುಂಡಗಿದ್ದರೆ ರೌಂಡ್‌ವೌಂಡ್, ಚಪ್ಪಟೆ ಪಟ್ಟಿಯಾಗಿದ್ದರೆ ಫ್ಲಾಟ್‌ವೌಂಡ್. ಪಟ್ಟಿಗಳು ಒಂದಕ್ಕೊಂದು ಅಂಟಿ ಕೂತಿರುವುದರಿಂದ ಪ್ರತಿ ಕಂಪನದಲ್ಲೂ ಉಜ್ಜಿಕೊಂಡು ಎತ್ತರದ ಮೇಲ್ಸ್ವರಗಳನ್ನು ಬೇಗ ನುಂಗುತ್ತವೆ. ವರ್ಷಗಟ್ಟಲೆ ಬೆರಳಿನ ಬೆವರು, ಎಣ್ಣೆ, ಸತ್ತ ಚರ್ಮ ಸಂದುಗಳಲ್ಲಿ ತುಂಬಿದಾಗ ಆ ನುಂಗುವಿಕೆ ಇನ್ನೂ ಹೆಚ್ಚುತ್ತದೆ. ಅದರ ಮೇಲೆ ಸ್ಪಂಜಿನ ಒತ್ತಡವೂ ಸೇರಿದರೆ ಸ್ವರ ಧಡ್ ಎಂದು ಹುಟ್ಟಿ, ತನ್ನ ಕೆಲಸ ಮುಗಿಸಿ, ಮುಂದಿನ ಸ್ವರಕ್ಕೆ ಜಾಗ ಬಿಟ್ಟು ಸರಿಯುತ್ತದೆ. ನೆಟ್ಟಗೆ ನಿಲ್ಲಿಸಿ ನುಡಿಸುವ ದೊಡ್ಡ ಡಬಲ್ ಬೇಸ್‌ನಲ್ಲಿ ಪಳಗಿದ್ದ ಜೇಮರ್‌ಸನ್ನರಿಗೆ ಬೇಕಾಗಿದ್ದ ನಾದವೇ ಅದು.

ತಂತಿಯ ಹೊಳಪನ್ನೇ ಬಯಸುವವರು ಅಡುಗೆಮನೆಗೆ ಹೋಗುವುದುಂಟು. ಮಂಕಾದ ರೌಂಡ್‌ವೌಂಡ್ ತಂತಿಗಳನ್ನು ಬಳೆಯಂತೆ ಸುತ್ತಿ, ಕುದಿಯುವ ನೀರಿನ ಪಾತ್ರೆಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ನೀರಿನ ಮೇಲೆ ಬೂದುಬಣ್ಣದ ಜಿಡ್ಡು ತೇಲಿ ಬರುತ್ತದೆ. ನಾನು ಮೊದಲ ಸಲ ನೋಡಿದಾಗ ಆ ಪಾತ್ರೆಯನ್ನು ಮತ್ತೆ ಚಹಾಕ್ಕೆ ಬಳಸುವ ಧೈರ್ಯ ಬರಲಿಲ್ಲ. ತೊಳೆದು ಒರೆಸಿ ಮತ್ತೆ ಕಟ್ಟಿದರೆ ಖಣಖಣ ಮರಳುತ್ತದೆ, ಆದರೆ ಹೆಚ್ಚು ದಿನಕ್ಕಲ್ಲ. ಮೆಟ್ಟಿಲುಗಳ ಮೇಲೆ ಬಿದ್ದೂ ಬಿದ್ದೂ ಸುತ್ತಿನಲ್ಲಿ ಮೂಡಿದ ತಗ್ಗುಗಳನ್ನು ಕುದಿನೀರು ಸರಿಪಡಿಸಲಾರದು.

ಮರದ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳಲು ನನಗೆ ಮನಸ್ಸಿಲ್ಲ. ಆಲ್ಡರ್ ಮರದ ಒಡಲಿಗೊಂದು ನಾದ, ಆಶ್ ಮರಕ್ಕೊಂದು ನಾದ ಎಂಬ ಮಾತು ಅಂಗಡಿಗಳಲ್ಲಿ ಧಾರಾಳವಾಗಿ ಓಡಾಡುತ್ತದೆ. ಬೆರಳು ಎರಡಂಗುಲ ಸರಿದಾಗ ಆಗುವ ವ್ಯತ್ಯಾಸದ ಮುಂದೆ ಅದು ಸಣ್ಣದೆಂದೇ ನನ್ನ ಅಭಿಪ್ರಾಯ. ಆದರೆ ವಾದ್ಯದ ಕತ್ತಿನ ಕಥೆ ಬೇರೆ. ಉದ್ದನೆಯ ಮರದ ಕತ್ತು ತನ್ನದೇ ಆವೃತ್ತಿಯಲ್ಲಿ ಬಳುಕುತ್ತದೆ. ನುಡಿಸಿದ ಸ್ವರ ಆ ಆವೃತ್ತಿಗೆ ಹೊಂದಿಬಿಟ್ಟರೆ ತಂತಿಯ ಶಕ್ತಿಯನ್ನು ಕತ್ತು ಹೀರಿಕೊಂಡು ಸ್ವರ ಅಕಾಲದಲ್ಲಿ ಸಾಯುತ್ತದೆ. ಎಷ್ಟೋ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೆಯ ಮೆಟ್ಟಿಲುಗಳ ಆಸುಪಾಸು, ಅಂದರೆ 131ರಿಂದ 147 ಹರ್ಟ್ಸ್‌ಗಳ ನಡುವೆ ಇಂಥ ‘ಸತ್ತ ಜಾಗ’ ಸಿಗುತ್ತದೆ. ವಾದ್ಯದ ತಲೆಗೆ ಸಣ್ಣದೊಂದು ಭಾರವನ್ನು ಕಚ್ಚಿಸಿದರೆ ಆ ಜಾಗ ಸರಿಯುತ್ತದೆ. 1980ರ ಸುಮಾರಿಗೆ ವಾದ್ಯ ವಿನ್ಯಾಸಕ ನೆಡ್ ಸ್ಟೈನ್‌ಬರ್ಗರ್ ತಲೆಯನ್ನೇ ಕತ್ತರಿಸಿ ಹಾಕಿ ಇಂಗಾಲದ ನಾರಿನಿಂದ ಬಿಗಿಯಾದ ಬೇಸ್ ಮಾಡಿದಾಗ ಎಲ್ಲ ಸ್ವರಗಳೂ ಸಮವಾಗಿ ಉಳಿಯತೊಡಗಿದವು. ಆ ಸಮತೆಯೇ ಸಪ್ಪೆ ಎಂದವರೂ ಇದ್ದಾರೆ.

ಮೆಟ್ಟಿಲುಗಳನ್ನೇ ಕಿತ್ತುಹಾಕಿದರೆ ಏನಾಗುತ್ತದೆಂಬುದನ್ನು ಜಗತ್ತಿಗೆ ಕೇಳಿಸಿದವರು ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್. ಅವರ 1962ರ ಜಾಝ್ ಬೇಸ್‌ನ ಬೆರಳಹಲಗೆಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಲೇಪವಿತ್ತು, ಏಕೆಂದರೆ ರೌಂಡ್‌ವೌಂಡ್ ತಂತಿ ಬರಿಯ ಮರವನ್ನು ಅರದಂತೆ ಕೊರೆಯುತ್ತದೆ. ಮೀಟಿದ ಮೇಲೆ ನಿಧಾನವಾಗಿ ಅರಳುವ, ವಾದಕರು ‘ಮ್ವಾ’ ಎಂದು ಅನುಕರಿಸುವ ಆ ನಾದ ನಮಗೆ ಅಪರಿಚಿತವಲ್ಲ, ತಂಬೂರಿ ಕೇಳಿ ಬೆಳೆದವರಿಗಂತೂ ಅಲ್ಲ. ಎರಡರಲ್ಲೂ ತಂತಿ ಚೂಪಾದ ಅಂಚಿನಿಂದ ಎದ್ದು ನಿಲ್ಲುವುದಿಲ್ಲ; ಅಗಲವಾದ ಮೇಲ್ಮೈಯೊಂದನ್ನು ಸವರಿಕೊಂಡೇ ಕಂಪಿಸುತ್ತದೆ, ಪ್ರತಿ ಸವರುವಿಕೆಯಲ್ಲೂ ಕೆಳಗಿನ ಕಂಪನದ ಶಕ್ತಿ ಮೇಲ್ಸ್ವರಗಳಿಗೆ ಹರಿಯುತ್ತದೆ. ತಂಬೂರಿಯಲ್ಲಿ ಇದು ಕುದುರೆಯ ಮೇಲೆ, ನೂಲಿನೆಳೆಯ ಹದದಿಂದ ನಡೆದರೆ, ಮೆಟ್ಟಿಲುಗಳಿಲ್ಲದ ಫ್ರೆಟ್‌ಲೆಸ್ ಬೇಸ್‌ನಲ್ಲಿ ಎಡಗೈ ಬೆರಳಿನ ಮುಂದೆ, ಹಲಗೆಯ ಮೇಲೆ ನಡೆಯುತ್ತದೆ. ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಬೇಕಾದ ಮೇಲ್ಸ್ವರ ಹುಟ್ಟುವುದಿಲ್ಲವೆಂಬ ನಿಯಮವನ್ನು ತಂಬೂರಿ, ವೀಣೆಗಳು ಪಾಲಿಸುವುದಿಲ್ಲವೆಂದು, ಆ ಸ್ವರವೂ ಅವುಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆಂದು, ಆಗ ಕಲ್ಕತ್ತೆಯಲ್ಲಿದ್ದ ಸಿ.ವಿ. ರಾಮನ್ 1921ರಲ್ಲಿ ಬರೆದರು. ಆಗಿನ್ನೂ ಪ್ರಿಸಿಷನ್ ಬೇಸ್ ಹುಟ್ಟಲು 30 ವರ್ಷ ಬಾಕಿಯಿತ್ತು.