ಮಾರ್ಗ್ ಅಂದ್ರೆ ಮಾರ್ಗ ಅಲ್ಲ

ಅಕ್ಕನ ಮಗ ಮೊನ್ನೆ ಇಂಗ್ಲಿಷ್ ಪೇಪರ್ ಓದ್ತಾ "ಮಾವ, ಬಾಡೀನ ಮಾರ್ಗ್‌ಗೆ ಸಾಗಿಸಿದ್ರು ಅಂತ ಐತೆ, ಯಾವ ಮಾರ್ಗ?" ಅಂದ. ನಕ್ಕೆ, ಆದ್ರೆ ಅವನದೇನು ತಪ್ಪು, ನಮ್ ಕೋಲಾರದ ಕಡೆ ಬೋರ್ಡಲ್ಲಿ ಶವಾಗಾರ, ಬಾಯಲ್ಲಿ ಮಾರ್ಚುರಿ. ಬ್ರಿಟಿಷರು ಅಂದಿದ್ದನ್ನೇ ನಾವೂ ಹಿಡ್ಕೊಂಡ್ವಿ, ಅದೇ ಹೆಣ ಇಡೋ ಜಾಗಕ್ಕೆ ಮಾರ್ಗ್ (morgue) ಅನ್ನೋದು ಹೆಚ್ಚಾಗಿ ಅಮೆರಿಕದವರ ಮಾತು.

ಎರಡೂ 'ಮಾರ್' ಅಂತ ಶುರುವಾಗ್ತವೆ ಅಂತ ಒಂದೇ ಬೇರು ಅನ್ಕೋತಾರೆ, ಚೆನ್ನಾಗಿ ಓದ್ಕೊಂಡಿರೋರೂ ಕೂಡ. ಅಲ್ಲ. ಮಾರ್ಚುರಿ ಬಂದಿದ್ದು ಸತ್ತೋನು ಅನ್ನೋ ಲ್ಯಾಟಿನ್ ಪದದಿಂದ, ನಾವು ಬಳಸೋ 'ಮೃತ' ಅದಕ್ಕೆ ದಾಯಾದಿ. ಮಜಾ ಏನಂದ್ರೆ ಇಂಗ್ಲೆಂಡಲ್ಲಿ ಮೊದ್ಲು ಮಾರ್ಚುರಿ ಅಂದ್ರೆ ರೂಮೇ ಅಲ್ಲ, ಸತ್ತೋನ ಆಸ್ತಿಯಿಂದ ಪಾದ್ರಿಗೆ ಸಲ್ಲಬೇಕಾದ ಕಾಣಿಕೆ. ಕೊಟ್ಟಿಗೆಯಲ್ಲಿರೋ ಒಳ್ಳೇ ದನ ಜಮೀನ್ದಾರನಿಗೆ, ಅದರ ನಂತರದ್ದು ಪಾದ್ರಿಗೆ. ನಮ್ಮಲ್ಲಿ ಸತ್ತಾಗ ಗೋದಾನ ಕೊಡ್ತೀವಲ್ಲ, ಹಂಗೇ, ಆದ್ರೆ ಇಲ್ಲ ಅನ್ನಂಗಿಲ್ಲ. ಜನ ರೇಗಿ ರೇಗಿ 1529ರಲ್ಲಿ ಪಾರ್ಲಿಮೆಂಟೇ ಅದಕ್ಕೆ ಮಿತಿ ಹಾಕ್ತು. ಹೆಣ ಇಡೋ ಜಾಗ ಅನ್ನೋ ಅರ್ಥ ಬಂದಿದ್ದು 19ನೇ ಶತಮಾನದಲ್ಲಿ.

ಮಾರ್ಗ್ ಕಥೆ ಬೇರೆ, ಅದು ಫ್ರೆಂಚ್, ಬಿಗುವಾಗಿ ದುರುಗುಟ್ಟಿ ನೋಡೋದು ಅಂತ ಅರ್ಥ. ಪ್ಯಾರಿಸ್‌ನ ಗ್ರಾಂಡ್ ಶಾತ್‌ಲೆ ಜೈಲಲ್ಲಿ ಹೊಸ ಕೈದಿ ಬಂದ್ರೆ ಒಂದು ಕೋಣೇಲಿ ನಿಲ್ಲಿಸಿ ಕಾವಲಿನೋರು ಮುಖ ನೋಡಿ ಇಟ್ಕೊಳ್ಳೋರು, ಫೋಟೋ ಇಲ್ದಿರೋ ಕಾಲ. ಆಮೇಲೆ ನದೀಲಿ, ಬೀದೀಲಿ ಸಿಕ್ಕ ಅನಾಥ ಹೆಣಗಳನ್ನ ಅಲ್ಲೇ ಇಟ್ರು, ಯಾರಾದ್ರೂ ಗುರುತು ಹಿಡೀಲಿ ಅಂತ. 1804ರಲ್ಲಿ ಸೀನ್ ನದಿ ದಂಡೆ ಮೇಲೆ ಅದಕ್ಕೇ ಅಂತ ಕಟ್ಟಡ ಆಯ್ತು, ಗಾಜಿನ ಆಚೆ ಹೆಣ, ಈಚೆ ಜನ, ಮಕ್ಕಳನ್ನ ಎತ್ಕೊಂಡು ಜಾತ್ರೆಗೆ ಬಂದಂಗೆ. 1907ರಲ್ಲಿ ನೋಡೋಕೆ ಬರೋ ಜನಕ್ಕೆ ಬಾಗಿಲು ಹಾಕಿದ್ರು. ಅಂದ್ರೆ ಆ ಪದದೊಳಗೆ ಸಾವೇ ಇಲ್ಲ, ನೋಟ ಇದೆ!

ಶುರುವಲ್ಲಿ ಅಲ್ಲಿ ಹೆಣಗಳ ಮೇಲೆ ತಣ್ಣೀರು ಸುರಿಸ್ತಿದ್ರು, 1880ರ ದಶಕದಲ್ಲಿ ಶೈತ್ಯ ಯಂತ್ರ ಬಂತು. ಈ ತಣ್ಣಗಿನ ವಿಷಯ ನಂಗೆ ಬಹಳ ಇಷ್ಟ. ನಮ್ಮೂರ ಡೈರೀಲಿ ಬಿಎಂಸಿ, ಅಂದ್ರೆ ಹಾಲು ತಣ್ಣಗೆ ಮಾಡೋ ದೊಡ್ಡ ಟ್ಯಾಂಕು ಐತಲ್ಲ, ಅದರಲ್ಲಿ ಹಾಲನ್ನ 4 ಡಿಗ್ರಿಗೆ ಇಳಿಸ್ತಾರೆ, ಮಾರ್ಚುರಿ ಪೆಟ್ಟಿಗೇನೂ ಹೆಚ್ಚುಕಮ್ಮಿ ಅಷ್ಟೇ. ಕಾರಣಾನೂ ಒಂದೇ, ಬ್ಯಾಕ್ಟೀರಿಯಾ ಸಾಯಲ್ಲ, ಮಂಕಾಗ್ತವೆ. ದೋಸೆ ಹಿಟ್ಟು ನೋಡಿ, ಏಪ್ರಿಲಲ್ಲಿ ರಾತ್ರಿ ಇಟ್ರೆ ಬೆಳಗ್ಗೆ ಪಾತ್ರೆ ಮೀರಿ ಉಕ್ಕುತ್ತೆ, ಡಿಸೆಂಬರಲ್ಲಿ ಕಂಬಳಿ ಹೊದಿಸಿದ್ರೂ ಏಳಲ್ಲ. 10 ಡಿಗ್ರಿ ಇಳಿದ್ರೆ ಇಂಥ ಕೆಲಸದ ವೇಗ ಸುಮಾರು ಅರ್ಧಕ್ಕೋ ಇನ್ನೂ ಕೆಳಕ್ಕೋ ಬೀಳುತ್ತೆ. ದೇಹದಲ್ಲಿ ಕರುಳಿನ ಬ್ಯಾಕ್ಟೀರಿಯಾ ಇವೆ, ಜೀವಕೋಶಗಳೊಳಗಿನ ಕಿಣ್ವಗಳಿವೆ, ಮಾಲೀಕ ಇಲ್ಲದ ತೋಟಕ್ಕೆ ದನ ನುಗ್ಗಿದಂಗೆ ಎಲ್ಲಾ ಒಟ್ಟಿಗೆ ಮೇಯೋಕೆ ಶುರು. ತಣ್ಣಗೆ ಮಾಡಿದ್ರೆ ದನ ಹೋಗಲ್ಲ, ತೂಕಡಿಸ್ತವೆ ಅಷ್ಟೆ.

ಇದೆಲ್ಲ ಬಿಟ್ಟು ನಮ್ ಜನ ದೆವ್ವ ಹುಡುಕ್ತಾರೆ. ಸತ್ತ ಮೇಲೆ ಉಗುರು ಬೆಳೀತವಂತೆ! ಚರ್ಮ ಒಣಗಿ ಹಿಂದೆ ಸರಿಯುತ್ತೆ ಕಣ್ರೀ, ಉಗುರು ಇದ್ದಷ್ಟೇ ಇರುತ್ತೆ. ಹೆಣ ನರಳ್ತಂತೆ! ಎತ್ತಿ ಹೊರಳಿಸಿದಾಗ ಒಳಗಿದ್ದ ಗಾಳಿ ಗಂಟಲಿಂದ ಆಚೆ ಬರುತ್ತೆ.

ನಮ್ಮಜ್ಜಿ ತೀರ್ಕೊಂಡಾಗ ಮಾವ ದುಬೈಯಿಂದ ಬರೋವರೆಗೂ ಅಂತ ಫ್ರೀಜರ್ ಬಾಕ್ಸ್ ಬಾಡಿಗೆಗೆ ತಂದಿದ್ವಿ. ಅವ್ನು ಬಂದು ಮುಚ್ಚಳ ತೆಗೆಸಿದ, ಸ್ವಲ್ಪ ಹೊತ್ತಿಗೆ ಅಜ್ಜಿ ಕಣ್ಣಂಚಲ್ಲಿ ನೀರು. "ಮಗನ್ನ ನೋಡಿ ಅಳ್ತಾವ್ಳೆ" ಅಂತ ಪಕ್ಕದ್ಮನೆ ಅತ್ತೆ ಅಂದಿದ್ದೇ ತಡ, ಮನೆಯೆಲ್ಲಾ ಗೋಳೋ ಅಂತು. ಫ್ರಿಜ್‌ನಿಂದ ತೆಗೆದ ಸೋಡಾ ಬಾಟ್ಲಿ ಬೆವರುತ್ತಲ್ಲ, ಅದೇ, ಹೊರಗಿನ ಗಾಳಿಯ ತೇವ ತಣ್ಣಗಿನ ಚರ್ಮದ ಮೇಲೆ ಕೂತು ಹನಿಯಾಗಿದ್ದು. ನಾಲಿಗೆ ತುದಿಗೆ ಬಂದಿತ್ತು, ಮಾವನ ಮುಖ ನೋಡಿ ಸುಮ್ನಾದೆ.