ಪದ ಪರಿಚಯ: ಡಿಫರ್ಡ್ ಪ್ರಾಸಿಕ್ಯೂಷನ್ ಅಗ್ರಿಮೆಂಟ್

‘ದೊಡ್ಡ ಕಂಪನಿಗೆ ಭಾರಿ ದಂಡ, ಕೋಟಿಗಟ್ಟಲೆ ಡಾಲರ್ ಕಟ್ಟಲು ಒಪ್ಪಿಗೆ’ ಎಂಬಂಥ ಸುದ್ದಿ ಅಮೆರಿಕದಿಂದ ಆಗಾಗ ಬರುತ್ತದೆ. ಸದ್ಯ, ಶಿಕ್ಷೆಯಾಯಿತಲ್ಲ ಅನ್ನಿಸುತ್ತದೆ. ಎಷ್ಟೋ ಸಲ ಅಲ್ಲಿ ವಿಚಾರಣೆಯೇ ನಡೆದಿರುವುದಿಲ್ಲ. ನಡೆದಿರುವುದು ಡಿಫರ್ಡ್ ಪ್ರಾಸಿಕ್ಯೂಷನ್ ಅಗ್ರಿಮೆಂಟ್, ಅಂದರೆ ಕೇಸು ನಡೆಸುವುದನ್ನು ಮುಂದೂಡುವ ಒಪ್ಪಂದ. ಚಿಕ್ಕದಾಗಿ ಡಿಪಿಎ ಅನ್ನುತ್ತಾರೆ.

ಸರ್ಕಾರಿ ವಕೀಲರು ಕಂಪನಿಯ ಮೇಲೆ ಕ್ರಿಮಿನಲ್ ಆರೋಪ ಹಾಕುತ್ತಾರೆ, ಆದರೆ ಕೇಸನ್ನು ತಡೆಹಿಡಿಯುತ್ತಾರೆ. ಕಂಪನಿ ನಡೆದದ್ದನ್ನು ಒಪ್ಪಿಕೊಂಡು ಹಣ ಕಟ್ಟಬೇಕು. ಮೂರೋ ಐದೋ ವರ್ಷ ನೆಟ್ಟಗೆ ನಡೆದುಕೊಳ್ಳಬೇಕು. ಅವಧಿ ಮುಗಿದರೆ ಕೇಸು ವಜಾ, ಅಪರಾಧಿ ಎಂಬ ಹಣೆಪಟ್ಟಿಯೂ ಇಲ್ಲ. ಇದೇ ಬಗೆಯ ವಿನಾಯಿತಿ ಮೊದಲು ಇದ್ದದ್ದು ಸಣ್ಣಪುಟ್ಟ ತಪ್ಪು ಮಾಡಿ ಮೊದಲ ಸಲ ಸಿಕ್ಕಿಬಿದ್ದವರಿಗೆ!

ಕಂಪನಿಗಳಿಗೆ ಇದು ಮಾಮೂಲಾಗಲು ಆರ್ಥರ್ ಆ್ಯಂಡರ್ಸನ್ ಪ್ರಕರಣ ದೊಡ್ಡ ಕಾರಣ. ಎನ್ರಾನ್ ಎಂಬ ಇಂಧನ ಕಂಪನಿಯ ಲೆಕ್ಕವಂಚನೆ ಹಗರಣದ ಕಾಗದಪತ್ರ ನಾಶ ಮಾಡಿದ್ದಕ್ಕೆ 2002ರಲ್ಲಿ ಈ ಲೆಕ್ಕಪರಿಶೋಧನಾ ಸಂಸ್ಥೆ ತಪ್ಪಿತಸ್ಥ ಎಂದು ತೀರ್ಪಾಯಿತು. ಸಂಸ್ಥೆ ಮುಳುಗಿತು, ಅಮೆರಿಕದಲ್ಲೇ ಸುಮಾರು 28,000 ಜನರ ಕೆಲಸಕ್ಕೆ ಕುತ್ತು ಬಂತು. 2005ರಲ್ಲಿ ಸುಪ್ರೀಂ ಕೋರ್ಟ್ ತೀರ್ಪನ್ನು ರದ್ದು ಮಾಡಿದಾಗ ಉಳಿಸಿಕೊಳ್ಳಲು ಏನೂ ಇರಲಿಲ್ಲ. ಗುಮಾಸ್ತರು ಯಾಕೆ ಬೀದಿಗೆ ಬೀಳಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಾಗಿದ್ದರೆ ನಿರ್ಧಾರ ತೆಗೆದುಕೊಂಡವರನ್ನು ಹಿಡಿಯಬೇಕು, ಅಲ್ವಾ? ಅದೂ ಆಗುವುದು ಅಪರೂಪ. ಮೆಕ್ಸಿಕೊದ ಮಾದಕವಸ್ತು ಜಾಲಗಳ ಹಣ ತನ್ನ ಮೂಲಕ ಹರಿಯಲು ಬಿಟ್ಟ ಎಚ್‌ಎಸ್‌ಬಿಸಿ ಬ್ಯಾಂಕ್ 2012ರಲ್ಲಿ ಡಿಪಿಎ ಮಾಡಿಕೊಂಡು, ಸುಮಾರು 190 ಕೋಟಿ ಡಾಲರ್ ಕಟ್ಟಿ ಹೊರಬಂತು. ಅದರ ಯಾವ ದೊಡ್ಡ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ.

ಬೋಯಿಂಗ್ ಕತೆಯಲ್ಲಿ ಇದರ ಒಳಸುಳಿ ಪೂರ್ತಿ ಕಾಣುತ್ತದೆ. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಎರಡು 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಜನ ಸತ್ತರು. ವಿಮಾನದ ಮೂತಿಯನ್ನು ತಾನಾಗಿಯೇ ಕೆಳಕ್ಕೆ ಒತ್ತುವ ಸಾಫ್ಟ್‌ವೇರ್ ಬಗ್ಗೆ ಅಮೆರಿಕದ ವಿಮಾನ ಸುರಕ್ಷತಾ ಇಲಾಖೆಗೆ ಮೋಸ ಮಾಡಿದ ಆರೋಪ ಕಂಪನಿಯ ಮೇಲೆ ಬಂತು. 2021ರ ಜನವರಿಯಲ್ಲಿ ಡಿಪಿಎ ಆಯಿತು. ಸುದ್ದಿಯಲ್ಲಿ ಬಂದ ಮೊತ್ತ 250 ಕೋಟಿ ಡಾಲರ್. ಬಿಡಿಸಿ ನೋಡಿ. 177 ಕೋಟಿ ಹೋದದ್ದು ವಿಮಾನ ಕೊಂಡ ಏರ್‌ಲೈನ್‌ಗಳಿಗೆ, ಅಂದರೆ ಬೋಯಿಂಗಿನ ಗಿರಾಕಿಗಳಿಗೆ. ಸತ್ತವರ ಮನೆಯವರಿಗೆ 50 ಕೋಟಿ. ಕ್ರಿಮಿನಲ್ ದಂಡ ಅಂತ ಬಿದ್ದದ್ದು 24.36 ಕೋಟಿ, ಹತ್ತರಲ್ಲಿ ಒಂದು ಪಾಲೂ ಅಲ್ಲ. ಮೇಲಿನವರಿಗೆ ಇದರಲ್ಲಿ ಕೈವಾಡವಿಲ್ಲ ಎಂದು ಒಪ್ಪಂದದಲ್ಲೇ ಬರೆದುಕೊಟ್ಟರು. ಆ ಹೊತ್ತಿಗೆ ಹಳೆಯ ಸಿಇಒ 6 ಕೋಟಿ ಡಾಲರಿಗಿಂತ ಜಾಸ್ತಿ ಪಡೆದು ಮನೆಗೆ ಹೋಗಿಯಾಗಿತ್ತು. ಕೋರ್ಟಿಗೆ ಎಳೆದದ್ದು ಬೋಯಿಂಗಿನಲ್ಲಿ ಕೆಲಸಕ್ಕಿದ್ದ ಒಬ್ಬ ಪೈಲಟ್‌ನನ್ನು ಮಾತ್ರ. 2022ರಲ್ಲಿ ಜ್ಯೂರಿ ಆತನನ್ನು ಬಿಟ್ಟುಬಿಟ್ಟಿತು. ಒಪ್ಪಂದಕ್ಕೆ ಮುಂಚೆ ಸತ್ತವರ ಮನೆಯವರನ್ನು ಒಂದು ಮಾತೂ ಕೇಳಿರಲಿಲ್ಲ. ಇದು ಅವರ ಹಕ್ಕಿನ ಉಲ್ಲಂಘನೆ ಅಂತ ಆಮೇಲೆ ಜಡ್ಜ್ ಹೇಳಿದರು.

ಮೂರು ವರ್ಷದ ಅವಧಿ ಮುಗಿಯಲು ಎರಡು ದಿನ ಇತ್ತು. 2024ರ ಜನವರಿ 5ರಂದು ಹಾರಾಟದಲ್ಲಿದ್ದ ಇನ್ನೊಂದು ಮ್ಯಾಕ್ಸ್‌ನ ಬಾಗಿಲಿನ ಫಲಕವೇ ಕಿತ್ತುಹೋಯಿತು. ಕಂಪನಿ ಷರತ್ತು ಮುರಿದಿದೆ ಎಂದು ಮೇ ತಿಂಗಳಲ್ಲಿ ನ್ಯಾಯ ಇಲಾಖೆಯೇ ಹೇಳಿತು. ಇನ್ನು ವಿಚಾರಣೆ ಗ್ಯಾರಂಟಿ ಅಂದುಕೊಂಡರೆ, ಬಂದದ್ದು ಮತ್ತೆ ಒಪ್ಪಂದ. ತಪ್ಪೊಪ್ಪಿಗೆಯ ಒಂದು ಒಪ್ಪಂದವನ್ನು ಜಡ್ಜ್ ತಿರಸ್ಕರಿಸಿದರು. 2025ರಲ್ಲಿ, ಸರ್ಕಾರ ಬದಲಾದ ಮೇಲೆ, ಕೇಸನ್ನೇ ಕೈಬಿಡುವ ಒಪ್ಪಂದ ಬಂತು. ಇದು ಜನರ ಹಿತಕ್ಕೆ ಅನ್ನುವ ಮಾತನ್ನು ತಾವು ಒಪ್ಪುವುದಿಲ್ಲ, ಆದರೆ ತಡೆಯುವ ಅಧಿಕಾರ ತಮಗಿಲ್ಲ ಎಂದು ಬರೆದು, ನವೆಂಬರ್‌ನಲ್ಲಿ ಅದೇ ಜಡ್ಜ್ ಕೇಸು ವಜಾ ಮಾಡಿದರು.

ನನಗೆ ಕಾಣುವ ಹುಳುಕು ಇಲ್ಲೇ ಇದೆ. ಷರತ್ತು ಮುರಿದರೆ ಕೇಸು ನಡೆಸುತ್ತೇವೆ ಎಂಬ ಬೆದರಿಕೆಯ ಮೇಲೆ ಇಡೀ ಏರ್ಪಾಡು ನಿಂತಿದೆ. ಷರತ್ತು ಮುರಿದಾಗಲೂ ನಡೆಸದಿದ್ದರೆ ದಂಡ ಅನ್ನುವುದು ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಖರ್ಚು, ಅಷ್ಟೆ. ಅದನ್ನೂ ತೆರುವುದು ಕಂಪನಿಯ ಷೇರುದಾರರು. ತಪ್ಪು ನಿರ್ಧಾರ ಮಾಡಿದವರ ಜೇಬಿನಿಂದ ಬರುವುದು ಕಡಿಮೆ.

ಬ್ರಿಟನ್ 2014ರಲ್ಲಿ ಇದೇ ಪದ್ಧತಿ ತಂದಾಗ ಒಂದು ಬಿಗಿ ಇಟ್ಟಿತು. ಒಪ್ಪಂದ ನ್ಯಾಯಕ್ಕೆ ಸರಿಹೊಂದುತ್ತದೆ ಎಂದು ಜಡ್ಜ್ ಒಪ್ಪಿದರೆ ಮಾತ್ರ ಅದು ಜಾರಿ. ಲಂಚದ ಪ್ರಕರಣದಲ್ಲಿ ರೋಲ್ಸ್‌ ರಾಯ್ಸ್ 2017ರಲ್ಲಿ ಹೀಗೆ ಕೋರ್ಟಿನ ಒಪ್ಪಿಗೆ ಪಡೆದೇ ಹಣ ಕಟ್ಟಿತು. ಲಂಚದಲ್ಲಿ ಕೈಯಿದೆ ಎಂಬ ಶಂಕೆಯಿದ್ದ ವ್ಯಕ್ತಿಗಳ ಮೇಲಿನ ತನಿಖೆಯನ್ನು ಮಾತ್ರ 2019ರಲ್ಲಿ ಯಾರ ಮೇಲೂ ಕೇಸು ಹಾಕದೆ ಮುಚ್ಚಿದರು.